ಗಾಡಿ ಬಿಚ್ಚುವ ಮೊದಲು ಹೆಸರು ಬಿಚ್ಚಬೇಕು

ದುಲ್ ಕಅದ್ ತಿಂಗಳಲ್ಲಿ ಖ್ವಾಜಾ ಬಂದೇ ನವಾಝ್ ಅವರ ಉರೂಸ್‌ಗೆ ನಮ್ಮ ಕರಾವಳಿಯಿಂದ ಕಾರು ಮಾಡಿಕೊಂಡು ಕಲಬುರಗಿಗೆ ಹೊರಡುವ ಮನೆಗಳಿವೆ. ಒಂದಿಡೀ ರಾತ್ರಿಯ ದಾರಿ. ವಿಜಯಪುರ, ಸಿಂದಗಿ ದಾಟಿ ಜೇವರ್ಗಿ ಕಳೆದು ಭೀಮಾ ನದಿಯ ಸೇತುವೆ ಹತ್ತುವಾಗ ಡ್ರೈವಿಂಗ್‌ನಲ್ಲಿದ್ದವರ ಕಣ್ಣು ಕೆಂಪಾಗಿರುತ್ತದೆ. ಝಿಯಾರತ್ ಮುಗಿಸಿ ಕೆಲವರು ಹಾಗೆಯೇ ನಲ್ವತ್ತು ಕಿಲೋಮೀಟರ್ ಆಚೆ ಆಳಂದದ ಲಾಡ್ಲೆ ಮಶಾಯಿಕ್ ದರ್ಗಾಕ್ಕೂ ಹೋಗಿ ಬರುತ್ತಾರೆ. ನಮ್ಮ ಘಾಟಿಯ ತಿರುವುಗಳಿಗೆ ಒಗ್ಗಿದವರಿಗೆ ಆ ಕಡೆಯ ರಸ್ತೆ ಮೋಸ ಮಾಡುತ್ತದೆ. ಎರಡೂ ಕಡೆ ತೊಗರಿ ಹೊಲ, ನಡುವೆ ನೇರ ದಾರಿ, ಎಕ್ಸಿಲರೇಟರ್ ಮೇಲಿಟ್ಟ ಕಾಲು ತಾನಾಗಿ ಭಾರವಾಗುತ್ತದೆ. ಎದುರಿಗೆ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಇಲ್ಲವೇ ಬದಿಯಲ್ಲಿ ನಿಲ್ಲಿಸಿದ ಲಾರಿ.

2025ರ ಏಪ್ರಿಲ್ 5ರಂದು ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಹತ್ತಿರ ಹಾಗೆ ನಿಂತಿದ್ದ ಲಾರಿಗೆ ವ್ಯಾನ್ ಬಡಿದು ಬಾಗಲಕೋಟೆ ಕಡೆಯ ಐದು ಮಂದಿ ತೀರಿಕೊಂಡರು. ಅದೇ ವರ್ಷ ನವೆಂಬರ್ 25ರಂದು ಹಿರಿಯ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಅವರ ಜೀವ ಹೋದದ್ದೂ ಜೇವರ್ಗಿ ತಾಲೂಕಿನಲ್ಲೇ, ಕಾರು ಅಪಘಾತದಲ್ಲಿ.

ಜೀವ ಉಳಿದರೆ ಅಲ್‌ಹಮ್ದುಲಿಲ್ಲಾಹ್. ಗಾಯ ಆದವರನ್ನು ಆಸ್ಪತ್ರೆಗೆ ಸೇರಿಸಿ, ಊರಿಗೆ ಫೋನ್ ಮಾಡಿ, ಉಮ್ಮನನ್ನು ಸಮಾಧಾನ ಮಾಡಿ ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತದೆ. ಮುಂಭಾಗ ಎಂಜಿನ್‌ವರೆಗೂ ಒಳಗೆ ಹೋದ ಈ ಕಾರನ್ನು ಏನು ಮಾಡುವುದು? ಮಂಗಳೂರಿಗೆ ಲಾರಿಯಲ್ಲಿ ಹಾಕಿ ತರುವ ಬಾಡಿಗೆಗೆ ಅದರ ತಗಡಿನ ಬೆಲೆಯೂ ಸಾಲದು. ಅಷ್ಟರಲ್ಲಿ ಒಬ್ಬ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕುತ್ತಾನೆ. ಒಂದು ರೇಟ್ ಹೇಳುತ್ತಾನೆ. ಹೇಳಿದ ಮೇಲೆ ಕೇಳುವುದು ಒಂದೇ, ಆರ್‌ಸಿ ಉಂಟಾ?

ಈ ವಾರ ನಾವು ಬರೆಯಲು ಹೊರಟದ್ದು ಆ ಪ್ರಶ್ನೆಯ ಬಗ್ಗೆ. ಬಿಚ್ಚಿ ಮಾರುವ ಗಾಡಿಗೆ ಆರ್‌ಸಿ ಯಾಕೆ ಬೇಕು? ಬಾಗಿಲಿಗೆ ಆರ್‌ಸಿ ಬೇಡ, ಸೀಟಿಗೆ ಬೇಡ, ರೇಡಿಯೇಟರ್‌ಗೆ ಬೇಡ.

ಗುಜರಿ ನಮಗೆ ಹೊಸ ವಿಷಯ ಅಲ್ಲ. ನಮ್ಮ ಎಷ್ಟೋ ಮನೆಯ ಒಲೆ ಉರಿದದ್ದೇ ಹಳೇ ಕಬ್ಬಿಣದಿಂದ. ನಾವು ಗುಜರಿ ಎನ್ನುವುದಕ್ಕೆ ಮರಾಠಿ, ದಖ್ನಿ ಬೆರೆತ ಆ ಗಡಿ ಸೀಮೆಯಲ್ಲಿ ಭಂಗಾರ್ ಎನ್ನುತ್ತಾರೆ. ಕನ್ನಡದ ಬಂಗಾರಕ್ಕೂ ಇದಕ್ಕೂ ಉಸಿರಿನಷ್ಟೇ ವ್ಯತ್ಯಾಸ! ಬಿಚ್ಚಲು ಗೊತ್ತಿದ್ದವನ ಕೈಗೆ ಸಿಕ್ಕಿದರೆ ಆ ವ್ಯತ್ಯಾಸವೂ ಉಳಿಯುವುದಿಲ್ಲ.

ಲೆಕ್ಕ ಹೀಗೆ. ಮಾರುತಿ ಆಲ್ಟೋದಂಥ ಸಣ್ಣ ಕಾರಿನ ಒಟ್ಟು ತೂಕವೇ ಸುಮಾರು 750 ಕಿಲೋ. ಇಡೀ ಗಾಡಿಯನ್ನು ತೂಕಕ್ಕೆ ಹಾಕಿದರೆ ಗಾಜು, ಪ್ಲಾಸ್ಟಿಕ್, ಸೀಟಿನ ಸ್ಪಂಜು ಎಲ್ಲ ಕಳೆದು ಕಬ್ಬಿಣದ ದುಡ್ಡು ಮಾತ್ರ. ಅದೇ ಗಾಡಿಯ ಎದುರು ಬಡಿದಿದ್ದರೆ ಹಿಂದಿನ ಬಾಗಿಲುಗಳು, ಡಿಕ್ಕಿ ಬಾಗಿಲು, ಹಿಂದಿನ ಲೈಟುಗಳು, ಸೀಟು, ಹಿಂದಿನ ಆಕ್ಸೆಲ್ ಹೆಚ್ಚಾಗಿ ಸರಿಯಾಗಿಯೇ ಇರುತ್ತವೆ. ಇವೆಲ್ಲ ಬಿಡಿಬಿಡಿಯಾಗಿ ಹೋಗುವ ಮಾಲು. ಹಿಂದಿನಿಂದ ಬಡಿದಿದ್ದರೆ ಲೆಕ್ಕ ಇನ್ನೂ ಮೇಲೆ, ಯಾಕೆಂದರೆ ಎಂಜಿನ್, ಎಸಿ ಕಂಪ್ರೆಸರ್, ಆಲ್ಟರ್ನೇಟರ್, ಸ್ಟಾರ್ಟರ್ ಮೋಟರ್ ಎಲ್ಲ ಮುಂದೆಯೇ ಇರುವುದು. ಗಾಡಿ ಪಲ್ಟಿಯಾಗಿದ್ದರೆ ಬಾಡಿಯ ಯಾವ ಭಾಗವೂ ಸಿಗಲಿಕ್ಕಿಲ್ಲ, ಕೆಳಗಿನ ಮೆಕ್ಯಾನಿಕಲ್ ಪಾರ್ಟು ಸಿಗುತ್ತದೆ. ನೋಡಿದ ಕೂಡಲೇ ರೇಟ್ ಹೇಳುವವನು ಈ ಲೆಕ್ಕವನ್ನು ಮನಸ್ಸಲ್ಲೇ ಹಾಕಿರುತ್ತಾನೆ. ಗಾಡಿಯ ಯಜಮಾನ ಹಾಕಿರುವುದಿಲ್ಲ.

ಯಾವ ಪಾರ್ಟಿಗೆ ಎಷ್ಟು ಎಂಬುದು, ಅದು ಎಷ್ಟು ಬಗೆಯ ಗಾಡಿಗೆ ಕೂರುತ್ತದೆ ಎಂಬುದರ ಮೇಲೆ ನಿಂತಿದೆ. ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೇ ಉದಾಹರಣೆ. ಹೆಸರು ಬೇರೆಬೇರೆ ಇಟ್ಟುಕೊಂಡು ಅದು ಮಾರುತಿ ಸ್ವಿಫ್ಟ್, ಡಿಝೈರ್, ರಿಟ್ಝ್‌ನಲ್ಲೂ ಓಡಿತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಓಡಿತು, ಫಿಯೆಟ್ ಪುಂಟೋದಲ್ಲೂ ಓಡಿತು. ಹಾಗಾಗಿ ಒಂದು ಸ್ವಿಫ್ಟ್ ಮಗುಚಿದರೆ ಮೂರು ಕಂಪೆನಿಯ ಗಿರಾಕಿಗಳು ಕಾಯುತ್ತಿರುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿ ದಾರಿಗಳಲ್ಲಿ ಜನ ಹತ್ತುವುದು ಕ್ರೂಸರ್, ಬೊಲೆರೋ ತರದ ಗಾಡಿ. ಅವುಗಳ ಲೀಫ್ ಪಟ್ಟಿ, ಡಿಫರೆನ್ಷಿಯಲ್, ಗೇರ್‌ಬಾಕ್ಸ್‌ಗೆ ಅಲ್ಲೇ ಗಿರಾಕಿ. ನಮ್ಮೂರಿನ ಶೋಕಿಯ ಆಟೋಮ್ಯಾಟಿಕ್ ಕಾರಿನ ಪಾರ್ಟು ಅಲ್ಲಿ ನಿಲ್ಲುವುದಿಲ್ಲ, ಸೋಲಾಪುರಕ್ಕೋ ಹೈದರಾಬಾದಿಗೋ ಬೆಂಗಳೂರು ಶಿವಾಜಿನಗರದ ಗುಜರಿಗೋ ಹೋಗುತ್ತದೆ.

ಬಿಚ್ಚುವ ಕ್ರಮವನ್ನೂ ಸ್ವಲ್ಪ ಹೇಳಬೇಕು. ಈ ಕೆಲಸಕ್ಕೆ ಹದಿನೇಳು, ಹದಿನೆಂಟರ ಹುಡುಗರನ್ನು ಬಿಡುವವರಿದ್ದಾರೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಆಮೇಲೂ ಕೆಲವು ನಿಮಿಷ ಸುಮ್ಮನಿರಬೇಕು. ಅಪಘಾತದಲ್ಲಿ ತೆರೆಯದೆ ಉಳಿದ ಏರ್‌ಬ್ಯಾಗ್ ಒಳಗೆ ಇರುವುದು ಗಾಳಿಯಲ್ಲ, ಸಿಡಿಯುವ ಮದ್ದು. ಸ್ಟೇರಿಂಗ್‌ಗೆ ಸುತ್ತಿಗೆ ಹೊಡೆಯುವ ಹುಡುಗನಿಗೆ ಅದನ್ನು ಹೇಳಿಕೊಟ್ಟವರು ಯಾರು? ಬ್ಯಾಟರಿ ಆದ ಮೇಲೆ ಪೆಟ್ರೋಲ್ ಖಾಲಿ ಮಾಡಿ, ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಬೇರೆಬೇರೆ ಕ್ಯಾನಿಗೆ ಇಳಿಸಬೇಕು. ಹೆಚ್ಚಿನ ಕಡೆ ಇವು ಮಣ್ಣಿಗೆ ಹೋಗುತ್ತವೆ, ಮಳೆ ಬಂದರೆ ಬಾವಿಗೆ. ಎಸಿ ಪೈಪ್ ಸಡಿಲಿಸಿ ಗ್ಯಾಸನ್ನು ಸುಂಯ್ ಎಂದು ಆಕಾಶಕ್ಕೆ ಬಿಡುವುದು ಮಾಮೂಲಿಯಾಗಿದೆ. ಕಾರುಗಳಲ್ಲಿ ಹೆಚ್ಚಾಗಿ ಇರುವ ಆರ್-134ಎ ಗ್ಯಾಸ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯ ಬಿಸಿ ಏರಿಸುವಂಥದ್ದು.

ಇಷ್ಟಾದ ಮೇಲೆ ಬಾಗಿಲು, ಬಂಪರ್, ಲೈಟ್, ಗಾಜು. ಆಮೇಲೆ ಸೀಟು, ಡ್ಯಾಶ್‌ಬೋರ್ಡ್, ಅದರ ಹಿಂದಿನ ವೈರಿಂಗ್. ವೈರಿಂಗನ್ನು ಕತ್ತರಿಸಿದರೆ ತಾಮ್ರದ ತೂಕದ ದುಡ್ಡು, ಸಾಕೆಟ್ ಸಾಕೆಟ್ ಬಿಡಿಸಿ ಇಡಿಯಾಗಿ ತೆಗೆದರೆ ಅದರ ಹಲವು ಪಟ್ಟು. ತಾಳ್ಮೆಗೆ ಈ ಕಸುಬಿನಲ್ಲಿ ಕೂಲಿ ಉಂಟು. ಆಮೇಲೆ ಚೈನ್‌ಪುಲ್ಲಿ ಕಟ್ಟಿ ಎಂಜಿನ್, ಗೇರ್‌ಬಾಕ್ಸ್ ಎತ್ತುತ್ತಾರೆ. ಸೈಲೆನ್ಸರ್‌ನ ಮುಂಭಾಗದಲ್ಲಿ ಜೇನುಗೂಡಿನಂತೆ ಕಾಣುವ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸ್ವಲ್ಪ ಸ್ವಲ್ಪ ಇರುತ್ತದೆ. ಅದನ್ನು ಹಳೇ ಕಬ್ಬಿಣದ ಲೆಕ್ಕದಲ್ಲಿ ಕೊಟ್ಟರೆ ಕೊಟ್ಟವನಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಉಳಿಯುವ ಚಿಪ್ಪನ್ನು ಗ್ಯಾಸ್ ಕಟ್ಟರ್‌ನಲ್ಲಿ ತುಂಡು ಮಾಡಿ ತೂಕಕ್ಕೆ.

ಮಾರಬಾರದ ಪಾರ್ಟುಗಳೂ ಇವೆ. ಅಪಘಾತದಲ್ಲಿ ಒಮ್ಮೆ ಜೋರಾಗಿ ಎಳೆಸಿಕೊಂಡ ಸೀಟ್‌ಬೆಲ್ಟ್ ಇನ್ನೊಮ್ಮೆ ಹಿಡಿಯುವ ಭರವಸೆ ಇಲ್ಲ. ಹಳೇ ಏರ್‌ಬ್ಯಾಗ್, ಸವೆದ ಬ್ರೇಕ್ ಪ್ಯಾಡ್, ಬಿರುಕುಬಿಟ್ಟ ಬ್ರೇಕ್ ಹೋಸ್ ಕೂಡ ಹಾಗೆಯೇ. ತೊಳೆದು ಒರೆಸಿ ಇಟ್ಟರೆ ಹೊಸದರಂತೆ ಕಾಣುತ್ತವೆ, ಕೊಳ್ಳುವವರೂ ಬರುತ್ತಾರೆ. ನೆರೆ ನೀರಲ್ಲಿ ಮುಳುಗಿದ ಗಾಡಿಯ ಕಥೆಯೂ ಇದೇ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಡ್ಯಾಮುಗಳಿಂದ ಬಿಟ್ಟ ನೀರು ಭೀಮಾ ನದಿಯಲ್ಲಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಊರುಗಳಿಗೆ ನುಗ್ಗಿತ್ತು. ನಮ್ಮ ನೇತ್ರಾವತಿ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಮುಳುಗಿದ ಕಾರಿನ ಇಸಿಯು, ಸೆನ್ಸರ್, ವೈರಿಂಗ್ ಒಣಗಿಸಿದರೆ ಒಂದೆರಡು ತಿಂಗಳು ಓಡುತ್ತದೆ, ಆಮೇಲೆ ಸಾಕೆಟ್ ಒಳಗೆ ಹಸಿರು ಕಿಲುಬು ಏರಿ ನಡುರಸ್ತೆಯಲ್ಲಿ ಕೈಕೊಡುತ್ತದೆ. ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈ ಹಾಕಿದಾಗ ಅಡಿಯಲ್ಲಿ ಒದ್ದೆ ಸಿಕ್ಕಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ನೀರು ಕುಡಿದ ಇಸಿಯು ಅಂದರೆ ಅದೇ ಒದ್ದೆ ಧಾನ್ಯ. ಹೇಳಿ ಮಾರಿದರೆ ರೇಟ್ ಕಡಿಮೆ ಸಿಗಬಹುದು, ಅಷ್ಟೇ.

ಇನ್ನು ಆರ್‌ಸಿಯ ವಿಷಯ.

ಗುದ್ದಿ ಹಾಳಾದ ಕಾರನ್ನು ಆರ್‌ಸಿ ಸಮೇತ ಕೇಳುವವರೆಲ್ಲ ಕಳ್ಳರು ಎಂದು ನಾವು ಹೇಳುವುದಿಲ್ಲ. ಕೆಲವರು ರಿಪೇರಿ ಮಾಡಿ ಓಡಿಸಲಿಕ್ಕೇ ಕೊಳ್ಳುತ್ತಾರೆ. ಆದರೆ ಇನ್ನೊಂದು ದಂಧೆ ದೇಶದಲ್ಲಿ ಎಷ್ಟೋ ವರ್ಷದಿಂದ ನಡೆಯುತ್ತಿದೆ. ನಜ್ಜುಗುಜ್ಜಾದ ಬಿಳಿ ಸ್ವಿಫ್ಟಿನ ಆರ್‌ಸಿ ಕೈಗೆ ಬಂತು ಎಂದಿಟ್ಟುಕೊಳ್ಳಿ. ಎಲ್ಲೋ ಒಂದು ಬಿಳಿ ಸ್ವಿಫ್ಟ್ ಕಳವಾಗುತ್ತದೆ. ಅದರ ಚಾಸಿಸ್ ನಂಬರನ್ನು ಉಜ್ಜಿ ತೆಗೆದು ನಿಮ್ಮ ಗಾಡಿಯ ನಂಬರ್ ಕೊರೆಯುತ್ತಾರೆ, ಇಲ್ಲವೇ ನಿಮ್ಮ ಗಾಡಿಯಿಂದ ಆ ತುಂಡನ್ನೇ ಕತ್ತರಿಸಿ ಬೆಸುಗೆ ಹಾಕುತ್ತಾರೆ. ಕೆಎ-19ರ ನಿಮ್ಮ ನಂಬರ್ ಪ್ಲೇಟ್ ಹೊತ್ತು ಕಳ್ಳ ಗಾಡಿ ರಸ್ತೆಗೆ ಇಳಿಯುತ್ತದೆ. ಕಾಗದವೆಲ್ಲ ಸರಿ, ಹೆಸರು ನಿಮ್ಮದು. ಆಳಂದ, ಅಫಜಲಪುರ ಎರಡೂ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ತಾಲೂಕು. ಅಲ್ಲಿ ಬಿಟ್ಟು ಬಂದ ಗಾಡಿಯ ಹೆಸರಲ್ಲಿ ಯಾವ ರಾಜ್ಯದಲ್ಲಿ ಏನು ಓಡುತ್ತಿದೆ ಎಂದು ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಕುಳಿತವರಿಗೆ ಹೇಗೆ ತಿಳಿಯಬೇಕು?

ತಿಳಿಯುವುದು ಪೊಲೀಸರು ಮನೆಗೆ ಬಂದಾಗ. 2025ರ ನವೆಂಬರ್ 10ರಂದು ದಿಲ್ಲಿ ಕೆಂಪುಕೋಟೆಯ ಹತ್ತಿರ ಸ್ಫೋಟಗೊಂಡ ಕಾರನ್ನು ನೆನಪು ಮಾಡಿಕೊಳ್ಳಿ. ಅದು ಗುಜರಿಯ ಗಾಡಿ ಅಲ್ಲ, ಹಲವು ಕೈ ಬದಲಾದ ಸೆಕೆಂಡ್‌ಹ್ಯಾಂಡ್ ಕಾರು. ಆದರೂ ತನಿಖೆಯವರು ಮೊದಲು ಹೋದದ್ದು ದಾಖಲೆಯಲ್ಲಿ ಹೆಸರಿದ್ದವನ ಮನೆಗೆ. ಆತ ಅದನ್ನು ಮಾರಿ ಕಾಲವಾಗಿತ್ತು. ಇಂಥ ಸಂದರ್ಭದಲ್ಲಿ ನಮ್ಮ ಹೆಸರಿನ ಒಬ್ಬ ಹುಡುಗ ಠಾಣೆಗೆ ಹೋಗಿ ನಿರಪರಾಧಿ ಅಂತಲೇ ಹೊರಬಂದರೂ ಊರಿನ ಬಾಯಿ ಮುಚ್ಚುವುದಿಲ್ಲ. ಇದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿಸಿ ಬರೆಯುವುದಿಲ್ಲ.

ಮಾರಿ ದುಡ್ಡು ತೆಗೆದುಕೊಂಡಾಯ್ತು, ಇನ್ನು ಅವನ ತಲೆನೋವು ಎನ್ನುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಆ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಬಾರಿ ಮಾರಾಟವಾಗಿತ್ತು, ಆರ್‌ಟಿಒ ದಾಖಲೆಯಲ್ಲಿ ಮಾತ್ರ ಹೆಸರು ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ಬಿದ್ದದ್ದು ದಾಖಲೆಯಲ್ಲಿದ್ದ ಮೊದಲ ಯಜಮಾನನ ಮೇಲೆ. ಖಾಲಿ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿ ಕೊಟ್ಟು ಬರುವುದು ಎಷ್ಟು ದೊಡ್ಡ ಅಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ದಾರಿ ಏನು? ಮೋಟಾರು ವಾಹನ ಕಾಯ್ದೆ 1988ರ 55ನೇ ಸೆಕ್ಷನ್ ನೋಡಿ. ಗಾಡಿ ನಾಶವಾಗಿದ್ದರೆ ಅಥವಾ ಇನ್ನು ಯಾವತ್ತೂ ಓಡಿಸಲು ಆಗದ ಸ್ಥಿತಿಗೆ ಬಂದಿದ್ದರೆ ಯಜಮಾನ 14 ದಿನದೊಳಗೆ, ಆಗದಿದ್ದರೆ ಸಾಧ್ಯವಾದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಯಾವ ಆರ್‌ಟಿಒ? ಇಲ್ಲೇ ಹೆಚ್ಚಿನವರು ಎಡವುವುದು. ಅಪಘಾತ ಜೇವರ್ಗಿಯಲ್ಲಿ ಆಯಿತೆಂದು ಕಲಬುರಗಿಯ ಕೆಎ-32 ಕಚೇರಿಗೆ ಅಲೆಯಬೇಕಾಗಿಲ್ಲ. ನೀವು ವಾಸ ಇರುವ, ಗಾಡಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಊರಿನ ಆರ್‌ಟಿಒ ಸಾಕು. ಗಾಡಿ ಮೊದಲು ಬೇರೆ ಕಡೆ ನೋಂದಣಿ ಆಗಿದ್ದರೆ ಕಾಗದವನ್ನು ಅಲ್ಲಿಗೆ ಕಳಿಸುವುದು ಅವರ ಕೆಲಸ. ಬ್ಯಾಂಕಿನ ಸಾಲ ಇದ್ದರೆ ಮೊದಲು ಅದರ ಎನ್‌ಒಸಿ ಬೇಕಾಗುತ್ತದೆ. ಗಾಡಿಯ ನಾಲ್ಕು ಕಡೆಯ ಫೋಟೋ, ಚಾಸಿಸ್ ನಂಬರ್ ಸ್ಪಷ್ಟವಾಗಿ ಕಾಣುವ ಒಂದು ಫೋಟೋ, ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ ಇಟ್ಟುಕೊಳ್ಳಿ. ಗಾಜಿನ ಮೇಲಿನ ಫಾಸ್ಟ್‌ಟ್ಯಾಗನ್ನು ಹರಿದು ತೆಗೆದು, ಖಾತೆ ಮುಚ್ಚಿಸಿ. ಅದೊಂದನ್ನು ಎಲ್ಲರೂ ಮರೆಯುತ್ತಾರೆ.

ಯಾರಿಗಾದರೂ ಗಾಯವಾಗಿದ್ದರೆ, ಜೀವ ಹೋಗಿದ್ದರೆ, ಗಾಡಿ ಠಾಣೆಯ ಅಂಗಳಕ್ಕೆ ಹೋಗುತ್ತದೆ. ಆಗ ಅದು ಕೇಸಿನ ಸಾಕ್ಷ್ಯ, ಒಂದು ನಟ್ಟು ಬಿಚ್ಚಿದರೂ ಕಷ್ಟ. ಮೋಟಾರು ವಾಹನ ಇನ್‌ಸ್ಪೆಕ್ಟರ್ ಪರೀಕ್ಷೆ ಮುಗಿದ ಮೇಲೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಮೇಲೆ ಬಿಡಿಸಿಕೊಳ್ಳಬೇಕು. ಗಾಡಿಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಫೋಟೋ ಮತ್ತು ಬಾಂಡ್ ತೆಗೆದುಕೊಂಡು ಬಿಟ್ಟುಕೊಡಿ ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆದರೂ ಯಾವ ಊರಿನ ಠಾಣೆಯ ಹಿಂದೆ ಹೋದರೂ ಬಳ್ಳಿ ಹಬ್ಬಿದ ಗಾಡಿಗಳು ಕಾಣುತ್ತವೆ. ಕೇಳಲು ಬಂದವರಿಗೆ ಸಿಗುತ್ತದೆ, ಬಾರದವರದ್ದು ಮಣ್ಣಾಗುತ್ತದೆ. ಬಾಂಡ್‌ನಲ್ಲಿ ಮಾರಬಾರದು, ರೂಪ ಬದಲಿಸಬಾರದು ಎಂಬ ಷರತ್ತು ಇದ್ದರೆ ಬಿಚ್ಚಲು ಕೋರ್ಟಿನ ಅನುಮತಿ ಬೇಕು.

ಇನ್ಶೂರೆನ್ಸ್ ಬಗ್ಗೆ ಎರಡು ಮಾತು. ಫುಲ್ ಇನ್ಶೂರೆನ್ಸ್ ಇದ್ದು, ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಐಡಿವಿ ಮೌಲ್ಯದ ಶೇ. 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತಾರೆ. ಐಡಿವಿ ನಾಲ್ಕು ಲಕ್ಷ, ಹಾಳಾದ ಗಾಡಿಗೆ ಬಂದ ಬಿಡ್ ತೊಂಬತ್ತು ಸಾವಿರ ಎಂದು ಇಟ್ಟುಕೊಳ್ಳಿ. ಗಾಡಿಯನ್ನು ನೀವೇ ಇಟ್ಟುಕೊಂಡರೆ ಕಂಪೆನಿ ಸುಮಾರು ಮೂರು ಲಕ್ಷದ ಹತ್ತು ಸಾವಿರ ಕೊಡುತ್ತದೆ. ಬಿಡ್‌ದಾರನಿಗೆ ಬಿಟ್ಟರೆ ಉಳಿದ ತೊಂಬತ್ತು ಆ ಕಡೆಯಿಂದ ಬರುತ್ತದೆ. ಇದರಲ್ಲಿ ತಪ್ಪಿಲ್ಲ. ಆದರೆ ಆರ್‌ಸಿ ರದ್ದು ಮಾಡಿ ಕೊಡುತ್ತೇನೆ ಎಂದು ಮೊದಲೇ ಹೇಳಿ, ಬರಹದಲ್ಲಿ ಇಡಿ. ಆರ್‌ಸಿ ಇಲ್ಲ ಎಂದ ಕೂಡಲೇ ಬಿಡ್ ಇಳಿಯುತ್ತದೆ. ಇಳಿದ ಆ ಮೊತ್ತ ನಿಮ್ಮ ಹೆಸರಿಗೆ ಅವರು ಕಟ್ಟಿದ್ದ ಬೆಲೆ ಎಂದು ತಿಳಿದುಕೊಳ್ಳಿ. ನಮ್ಮಲ್ಲಿ ಹತ್ತು ವರ್ಷ ದಾಟಿದ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಮಾಡಿಸುವವರೇ ಜಾಸ್ತಿ. ಅವರಿಗೆ ಕಂಪೆನಿಯಿಂದ ತಮ್ಮ ಗಾಡಿಗೆ ಒಂದು ರೂಪಾಯಿಯೂ ಇಲ್ಲ, ಪಾರ್ಟಿನ ದುಡ್ಡೇ ಗತಿ. ಅವಸರದಲ್ಲಿ ಮಾರುವವರೂ ಅವರೇ.

ಈಗ ಅಂಗಡಿಯ ಈಚೆ ಬದಿಗೆ, ಗುಜರಿ ಇಟ್ಟಿರುವ ನಮ್ಮವರ ಕಡೆಗೆ ಬರೋಣ. ಮೀರತ್‌ನ ಸೋತಿಗಂಜ್ ಎಂಬ ಕೇರಿ ಇಡೀ ಉತ್ತರ ಭಾರತಕ್ಕೆ ಹಳೇ ಪಾರ್ಟಿನ ಸಂತೆಯಾಗಿತ್ತು. ಕಳವಿನ ಗಾಡಿ ಅಲ್ಲಿ ಬಿಚ್ಚಲ್ಪಡುತ್ತದೆ ಎಂಬ ಆರೋಪದ ಮೇಲೆ 2021ರ ಡಿಸೆಂಬರ್‌ನಲ್ಲಿ ಪೊಲೀಸರು ಸಂತೆಯನ್ನೇ ಮುಚ್ಚಿಸಿದರು. ಕಳ್ಳ ಮಾಲು ಮುಟ್ಟದವರ ಅಂಗಡಿಗೂ ಅವತ್ತು ಬಾಗಿಲು ಬಿತ್ತು. ಪುಸ್ತಕ ಇಡದ ವ್ಯಾಪಾರಿಗೆ ತಾನು ಬೇರೆ ಎಂದು ತೋರಿಸಲು ಏನೂ ಇರುವುದಿಲ್ಲ. ಯಾರಿಂದ ಯಾವ ಗಾಡಿ ಯಾವ ದಿನ ಬಂತು, ಚಾಸಿಸ್ ನಂಬರ್, ಎಂಜಿನ್ ನಂಬರ್, ಕೊಟ್ಟವರ ಗುರುತಿನ ಚೀಟಿ, ಆರ್‌ಸಿ ರದ್ದಾದ ಕಾಗದ, ಇಷ್ಟು ಬರೆದಿಡಲು ಹತ್ತು ನಿಮಿಷ ಬೇಕು. ಎಂಜಿನ್ ಮಾರುವಾಗ ಬಿಲ್ ಕೊಡಲೇಬೇಕು, ಯಾಕೆಂದರೆ ಕೊಂಡವನು ತನ್ನ ಗಾಡಿಗೆ ಬೇರೆ ಎಂಜಿನ್ ಕೂರಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಂಬರ್ ಬದಲಿಸಬೇಕು.

ಕಸುಬಿನ ನೆಲವೂ ಅಲುಗುತ್ತಿದೆ. ಕೇಂದ್ರ ಸರಕಾರ 2021ರ ಸೆಪ್ಟೆಂಬರ್‌ನಲ್ಲಿ ವಾಹನ ಗುಜರಿ ಕೇಂದ್ರಗಳ ನಿಯಮ ತಂದಿತು. ನೋಂದಾಯಿತ ಕೇಂದ್ರಕ್ಕೆ ಗಾಡಿ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅವರು ಕಳವಾದ ಗಾಡಿಗಳ ಪಟ್ಟಿಯೊಂದಿಗೆ ತಾಳೆ ನೋಡಿ, ಚಾಸಿಸ್ ನಂಬರಿನ ತುಂಡನ್ನು ಕತ್ತರಿಸಿ ತೆಗೆದಿಡಬೇಕು. ಆ ಪತ್ರ ತೋರಿಸಿ ಹೊಸ ಖಾಸಗಿ ಕಾರು ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶ ಇದೆ. 2025ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಜಾರಿಗೆ ಬಂತು. ಅದರ ಪ್ರಕಾರ ಬಾಳಿಕೆ ಮುಗಿದ ಗಾಡಿಯನ್ನು ಯಜಮಾನ 180 ದಿನದೊಳಗೆ ಅಂಥ ಕೇಂದ್ರಕ್ಕೋ ನಿಗದಿತ ಸಂಗ್ರಹ ಕೇಂದ್ರಕ್ಕೋ ಒಪ್ಪಿಸಬೇಕು. ಆರ್‌ಸಿ ರದ್ದಾದ ಗಾಡಿಯೂ ಇದರೊಳಗೆ ಬರುತ್ತದೆ. ಅಂದರೆ ತಗಡು ಶೀಟಿನ ಕೆಳಗೆ ಬಿಚ್ಚುವ ಕಾಲ ಕಾನೂನಿನ ಮಟ್ಟಿಗೆ ಮುಗಿಯುತ್ತಾ ಬಂದಿದೆ.

ಇದು ದೊಡ್ಡ ಕಂಪೆನಿಗಳಿಗೆ ಹಾಸಿಕೊಟ್ಟ ಚಾಪೆ ಎಂದು ಗುಜರಿಯವರು ಸಿಟ್ಟಾಗುವುದರಲ್ಲಿ ಅರ್ಥವಿದೆ. ಜಾಗ, ಯಂತ್ರ, ಪರವಾನಗಿ ಎಲ್ಲ ಸಣ್ಣವನ ಕೈಗೆ ಎಟುಕುವಂಥದ್ದಲ್ಲ. ಆದರೆ ಒಂದು ಸ್ವಿಫ್ಟಿನ ಸಾಕೆಟ್ ಮುರಿಯದೆ ವೈರಿಂಗ್ ತೆಗೆಯುವ ಕೈ ಆ ಯಂತ್ರಗಳಿಗೆ ಇಲ್ಲ. ಗೊತ್ತಿರುವುದು ನಮ್ಮ ಹುಡುಗರಿಗೆ. ನಾಲ್ಕೈದು ಅಂಗಡಿಯವರು ಒಟ್ಟಾಗಿ ನೋಂದಣಿಗೆ ಹೋಗಬಹುದು, ಇಲ್ಲವೇ ನೋಂದಾಯಿತ ಕೇಂದ್ರಕ್ಕೆ ಗಾಡಿ ಸಂಗ್ರಹಿಸಿ ಕೊಡುವವರಾಗಬಹುದು. ಜಮಾಅತ್‌ಗಳು ಮದುವೆ ಹಾಲಿಗೆ ಓಡಾಡುವಷ್ಟೇ ಇದಕ್ಕೂ ಒಂದು ಚಾರ್ಟರ್ಡ್ ಅಕೌಂಟೆಂಟನ್ನು ಕರೆಸಿ ಕೂರಿಸಿದರೆ ಕೆಲಸ ಶುರುವಾಗುತ್ತದೆ.

ಕೊನೆಗೆ, ಈಗಾಗಲೇ ಗಾಡಿ ಕೊಟ್ಟು ಬಂದವರಿಗೆ. ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೇ ನಂಬರ್ ಹಾಕಿ ನೋಡಿ. ಇನ್ನೂ ಚಾಲ್ತಿಯಲ್ಲಿದೆ ಎಂದು ತೋರಿಸಿದರೆ, ಹೊಸ ಇನ್ಶೂರೆನ್ಸ್ ಬೇರೆ ಕಂಡರೆ, ಆ ಗಾಡಿ ಎಲ್ಲೋ ಓಡುತ್ತಿದೆ ಎಂದೇ ಅರ್ಥ. ಮಾರಿದ ದಿನದ ಕಾಗದ, ದುಡ್ಡು ಬಂದ ಬ್ಯಾಂಕ್ ದಾಖಲೆ, ಒಡೆದ ಗಾಡಿಯ ಫೋಟೋ ಹುಡುಕಿ ತೆಗೆದು, ನಾಳೆಯೇ ಆರ್‌ಟಿಒಗೆ ಮತ್ತು ನಿಮ್ಮ ಠಾಣೆಗೆ ಲಿಖಿತವಾಗಿ ಕೊಟ್ಟು, ಸೀಲ್ ಹಾಕಿದ ಪ್ರತಿ ತೆಗೆದುಕೊಂಡು ಬನ್ನಿ.